ನಿವೇಶನ ಖರೀದಿ: ವಕೀಲರ ಅಭಿಪ್ರಾಯ ಏಕೆ ಅಗತ್ಯ?

ಬೆಂಗಳೂರಿನ ಹೊರವಲಯದಲ್ಲಿ ಹೂಡಿಕೆಗೆಂದು ನಿವೇಶನ ಕೊಳ್ಳುವವರಲ್ಲಿ ಬಹುತೇಕರು ಖಾತೆ ಹಾಗೂ ಋಣಭಾರ ಪ್ರಮಾಣಪತ್ರ ಕೈಸೇರಿದೊಡನೆ ನಿಶ್ಚಿಂತರಾಗುತ್ತಾರೆ. ಇವೆರಡೂ ಅವಶ್ಯವೇ. ಆದರೆ ಮಾರುವವರ ಒಡೆತನ ಇಷ್ಟರಿಂದಲೇ ಸಿದ್ಧವಾಗದು. ಖಾತೆಯು ತೆರಿಗೆ ಕಟ್ಟುವ ಹೊಣೆ ಯಾರದೆಂದು ತಿಳಿಸುವ ದಾಖಲೆ ಮಾತ್ರ. ಋಣಭಾರ ಪ್ರಮಾಣಪತ್ರದಲ್ಲಿ, ಅಂದರೆ ಜನ ‘ಇ.ಸಿ.’ ಎನ್ನುವ ಕಾಗದದಲ್ಲಿ, ಕೇಳಿದ ಅವಧಿಯೊಳಗೆ ನೋಂದಣಿಯಾದ ವ್ಯವಹಾರಗಳಷ್ಟೇ ಕಾಣುತ್ತವೆ. ನೋಂದಣಿಯಾಗದ ಕರಾರು, ಉಯಿಲು, ಬಾಯಿಮಾತಿನ ಪಾಲು ಅದರಲ್ಲಿ ಬಾರವು.

ಆಸ್ತಿ ವ್ಯವಹಾರದಲ್ಲಿ ನುರಿತ ವಕೀಲರು ಮೊದಲು ಕೇಳುವುದು ಮೂಲಪತ್ರವನ್ನು. ಸರ್ಕಾರ ಮಂಜೂರು ಮಾಡಿದ ಜಮೀನಾದರೆ ಸಾಗುವಳಿ ಚೀಟಿ ಮತ್ತು ಮಂಜೂರಾತಿ ಆದೇಶವನ್ನು ಓದಲೇಬೇಕು. ಮಂಜೂರಾತಿ ಪಡೆದವರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದಲ್ಲಿ, ಪಿ.ಟಿ.ಸಿ.ಎಲ್. ಎಂದೇ ಹೆಸರಾದ 1978ರ ಕಾಯ್ದೆ ಅನ್ವಯವಾಗುತ್ತದೆ. ಮಂಜೂರಾತಿಯ ಷರತ್ತು ಮೀರಿ, ಅಥವಾ ಕಾಯ್ದೆ ಬಂದ ಬಳಿಕ ಸರ್ಕಾರದ ಪೂರ್ವಾನುಮತಿಯಿಲ್ಲದೆ ಮಾಡಿದ ಮಾರಾಟ ಅಸಿಂಧು. ಉಪವಿಭಾಗಾಧಿಕಾರಿಗಳು ಅಂತಹ ಜಮೀನನ್ನು ವಶಕ್ಕೆ ಪಡೆದು ಮೂಲ ಮಂಜೂರಾತಿದಾರರಿಗೆ ಅಥವಾ ಅವರ ವಾರಸುದಾರರಿಗೆ ಮರಳಿಸಬಹುದು. ಇದಕ್ಕಾಗಿ ಸಲ್ಲಿಸುವ ಅರ್ಜಿಗೆ ಕಾಲಮಿತಿ ಅನ್ವಯಿಸದೆಂದು 2023ರಲ್ಲಿ ಕಾಯ್ದೆಗೆ ತಿದ್ದುಪಡಿಯೂ ಆಗಿದೆ. ಬಡವರ ಭೂಮಿ ಕೈತಪ್ಪದಿರಲೆಂದು ಮಾಡಿದ ನ್ಯಾಯವಾದ ಕಾಯ್ದೆಯಿದು. ವಿಚಾರಿಸಿ ಕೊಳ್ಳುವ ಹೊಣೆ ಕೊಳ್ಳುವವರದೇ.

ಹಿಂದೂ ಕುಟುಂಬದ ಪಿತ್ರಾರ್ಜಿತ ಸ್ವತ್ತಾದರೆ ವಂಶವೃಕ್ಷ ಬೇಕು. ‘ತಂಗಿಗೆ ಮದುವೆಯಲ್ಲೇ ಕೊಟ್ಟಾಗಿದೆ’ ಎಂಬ ಅಣ್ಣಂದಿರ ಮಾತು ಕಾನೂನಿನ ಮುಂದೆ ನಿಲ್ಲದು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲು ನೀಡಿತು. ತಿದ್ದುಪಡಿಯ ದಿನ ತಂದೆ ಬದುಕಿರಬೇಕೆಂಬ ನಿಯಮವಿಲ್ಲವೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ನೋಂದಾಯಿತ ವಿಭಾಗವೋ ಮಾರಾಟವೋ ಆಗಿದ್ದರೆ ಮಾತು ಬೇರೆ. ಉಳಿದಂತೆ ಸೋದರಿಯರ ಸಹಿಯಿಲ್ಲದ ಕ್ರಯಪತ್ರ ಮುಂದೊಂದು ದಿನ ಪಾಲಿನ ದಾವೆಗೆ ದಾರಿಯಾದೀತು.

ಭೂಪರಿವರ್ತನೆ ಆದೇಶ, ಬಡಾವಣೆ ನಕ್ಷೆಯ ಅನುಮೋದನೆ ಮತ್ತು ರೇರಾ ನೋಂದಣಿಯ ಪರಿಶೀಲನೆಯೂ ವಕೀಲರ ಕೆಲಸದಲ್ಲಿ ಸೇರುತ್ತದೆ.

ವಕೀಲರು ಯಾರ ಕಡೆಯವರು ಎಂಬುದೂ ಮುಖ್ಯ. ಮಾರಾಟಗಾರರೇ ಮಾಡಿಸಿಟ್ಟ ಅಭಿಪ್ರಾಯವನ್ನು ಮಾಹಿತಿಯೆಂದಷ್ಟೇ ತಿಳಿಯಬೇಕು. ಬ್ಯಾಂಕ್ ಸಾಲ ಕೊಟ್ಟಿತೆಂಬುದೂ ಒಡೆತನಕ್ಕೆ ಖಾತರಿಯಲ್ಲ. ಬ್ಯಾಂಕಿನ ವಕೀಲರು ನೋಡುವುದು ಬ್ಯಾಂಕಿನ ಹಿತವನ್ನು. ಆದ್ದರಿಂದ ತಾವೇ ನೇಮಿಸಿಕೊಂಡ ವಕೀಲರಿಂದ ಲಿಖಿತ ಅಭಿಪ್ರಾಯವನ್ನು ಮುಂಗಡ ಕೊಡುವ ಮುನ್ನವೇ ಪಡೆಯಬೇಕು. ಮುಂಗಡ ಅನಿವಾರ್ಯವಾದಲ್ಲಿ, ಹಕ್ಕಿನಲ್ಲಿ ದೋಷ ಕಂಡುಬಂದರೆ ಪೂರ್ಣ ಹಣ ಹಿಂತಿರುಗಿಸಬೇಕೆಂಬ ಷರತ್ತನ್ನು ಕರಾರಿನಲ್ಲಿ ಬರೆಸುವುದು ಸೂಕ್ತ. ರೇರಾ ವ್ಯಾಪ್ತಿಯ ಯೋಜನೆಗಳಲ್ಲಂತೂ ನೋಂದಾಯಿತ ಕರಾರಿಲ್ಲದೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ.