ಗೇಟಿನ ಮುಂದಿನ ಮೋರ್‌ಪಂಖಿ: ಚಳಿ ದೇಶದ ಗಿಡ್ಡ ಗಿಡಗಳೂ ನಮ್ಮ ಸುಣ್ಣಕಲ್ಲಿನ ನೆಲವೂ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ. ಈ ಐದೂ ಊರಲ್ಲಿ ಮೋರ್‌ಪಂಖಿ ಗಿಡ ನೋಡದವರು ಇರಲಿಕ್ಕಿಲ್ಲ. ಗೇಟಿನ ಆ ಕಡೆ ಒಂದು, ಈ ಕಡೆ ಒಂದು. ಶಾಲೆ, ಕಚೇರಿ, ಕಂಪನಿ ಕಾಲೊನಿ, ಹೊಸ ಆರ್‌ಸಿಸಿ ಮನೆ, ಎಲ್ಲಿ ನೋಡಿದರೂ ಅದೇ ಜೋಡಿ. ಅದರ ಎಲೆಯನ್ನು ಪುಸ್ತಕದಲ್ಲಿ ಇಟ್ಟುಕೊಂಡರೆ ವಿದ್ಯೆ ಹತ್ತುತ್ತದೆ ಎನ್ನುವ ಮಕ್ಕಳೂ ಇದ್ದಾರೆ.

ಈಚೆಗೆ ಇದರ ಜೊತೆ ಇನ್ನೂ ಕೆಲವು ಗಿಡ ಸೇರಿವೆ. ಹಿಮ ಬೀಳುವ ದೇಶಗಳ ಮನೆ ಮುಂದಿನ ಗಿಡ್ಡ, ದುಂಡನೆಯ, ಗೋಪುರದಂಥ ಗಿಡಗಳನ್ನು ಮೊಬೈಲಿನಲ್ಲಿ ನೋಡಿ, ಅಂಥವೇ ಬೇಕೆಂದು ನರ್ಸರಿಯಿಂದ ತರುತ್ತೇವೆ. ದೀಪಾವಳಿಗೆ ತಂದ ಗಿಡ ಯುಗಾದಿ ದಾಟುವಷ್ಟರಲ್ಲಿ ಕಂದು ಬಣ್ಣಕ್ಕೆ ತಿರುಗುತ್ತದೆ. ನೀರು ಕಡಿಮೆಯಾಯಿತೆಂದು ಇನ್ನಷ್ಟು ಹಾಕುತ್ತೇವೆ. ಗಿಡವೂ ಉಳಿಯುವುದಿಲ್ಲ, ಬೇಸಿಗೆಯಲ್ಲಿ ಹೊತ್ತು ತಂದ ನೀರೂ ಹೋಗುತ್ತದೆ. ಮೋರ್‌ಪಂಖಿ ಮಾತ್ರ ಹಸಿರಾಗಿಯೇ ನಿಂತಿರುತ್ತದೆ. ಯಾಕೆ ಹೀಗೆ? ಉತ್ತರ ಆ ಗಿಡಗಳ ಚರಿತ್ರೆಯಲ್ಲಿದೆ.

ರೈಲು ತಡವಾದಾಗ ಸಿಕ್ಕ ಗಿಡ

ಇವೆಲ್ಲ ಕೋನಿಫರ್ ಜಾತಿಯವು. ಭೂಗೋಳ ಪಾಠದಲ್ಲಿ ಓದಿದ ಸೂಚಿಪರ್ಣ ಮರಗಳ ಬಳಗ. ಪೈನ್, ದೇವದಾರು, ಸ್ಪ್ರೂಸ್ ಎಲ್ಲವೂ ಇದರಲ್ಲಿ ಬರುತ್ತವೆ. ಕಾಡಿನಲ್ಲಿ ಇವು ಮುಗಿಲು ಮುಟ್ಟುವ ಮರಗಳು. ಹಾಗಾದರೆ ಮೊಣಕಾಲೆತ್ತರದ ಗಿಡ ಎಲ್ಲಿಂದ ಬಂತು?

ಬಹಳ ಸಲ ಅದು ಪ್ರಕೃತಿಯಲ್ಲಿ ಆದ ಆಕಸ್ಮಿಕ. ಸಾವಿರಾರು ಸಸಿಗಳಲ್ಲಿ ಒಂದು ಕುಳ್ಳಾಗಿ ಹುಟ್ಟುತ್ತದೆ. ಇಲ್ಲವೇ ದೊಡ್ಡ ಮರದಲ್ಲಿ ಒಂದೇ ಕಡೆ ಕಸಬರಿಗೆಯಂತೆ ರೆಂಬೆಗಳು ಒತ್ತಾಗಿ ಬೆಳೆಯುತ್ತವೆ. ಅದರ ಕಡ್ಡಿ ನೆಟ್ಟೋ ಕಸಿ ಮಾಡಿಯೋ ಅದೇ ಗುಣ ಉಳಿಸಿಕೊಳ್ಳುತ್ತಾರೆ.

1904ರಲ್ಲಿ ಕೆನಡಾದ ಬೆಟ್ಟ ಪ್ರದೇಶದ ಲಾಗನ್ ಎಂಬಲ್ಲಿ ಇಬ್ಬರು ಸಸ್ಯ ವಿಜ್ಞಾನಿಗಳು ರೈಲಿಗಾಗಿ ಕಾಯುತ್ತಿದ್ದರು. ಒಬ್ಬರು ಜಾನ್ ಜಾರ್ಜ್ ಜ್ಯಾಕ್, ಇನ್ನೊಬ್ಬರು ಆಲ್‌ಫ್ರೆಡ್ ರೇಡರ್. ರೈಲು ತಡವಾಗಿತ್ತು. ಸುತ್ತಮುತ್ತ ತಿರುಗಾಡುವಾಗ ಕುಳ್ಳಾಗಿ, ಗೋಪುರದಂತೆ ಒತ್ತಾಗಿ ಬೆಳೆದ ಬಿಳಿ ಸ್ಪ್ರೂಸ್ ಸಸಿಗಳು ಕಂಡವು. ಅವನ್ನು ಅಮೆರಿಕದ ಆರ್ನಲ್ಡ್ ಸಸ್ಯೋದ್ಯಾನಕ್ಕೆ ಒಯ್ದರು. ಇಂದು ಚಳಿ ದೇಶಗಳ ಅಂಗಳದಲ್ಲಿ ಕಾಣುವ ‘ಆಲ್ಬರ್ಟಾ ಸ್ಪ್ರೂಸ್’ ಬಂದದ್ದು ಅಲ್ಲಿಂದಲೇ. ವರ್ಷಕ್ಕೆ 5ರಿಂದ 10 ಸೆಂಟಿಮೀಟರ್ ಮಾತ್ರ ಬೆಳೆಯುತ್ತದೆ. ಒಮ್ಮೊಮ್ಮೆ ಅದರಲ್ಲೊಂದು ರೆಂಬೆ ಹಳೇ ಗುಣ ನೆನಪಾದಂತೆ ಸರ್‍ರನೆ ಎತ್ತರಕ್ಕೆ ಹೋಗುತ್ತದೆ, ಅದನ್ನು ಕೂಡಲೇ ಕತ್ತರಿಸುತ್ತಾರೆ.

ಇಂಥ ಗಿಡಗಳ ಹುಚ್ಚು ಎಷ್ಟು ಹಬ್ಬಿತೆಂದರೆ, 1923ರಲ್ಲಿ ಮರ್ರೆ ಹಾರ್ನಿಬ್ರೂಕ್ ಎಂಬುವರು ಕುಳ್ಳ ಕೋನಿಫರ್‌ಗಳ ಮೇಲೆಯೇ ಒಂದು ಪುಸ್ತಕ ಬರೆದರು. ಯುರೋಪಿನಲ್ಲಿ ಮನೆಯ ಜಾಗ ಸಣ್ಣದಾಗಿತ್ತು, ಚಳಿಗಾಲದಲ್ಲಿ ಬೇರೆ ಗಿಡಗಳ ಎಲೆ ಉದುರಿ ಅಂಗಳ ಬೋಳಾಗುತ್ತಿತ್ತು. ಹಿಮದ ನಡುವೆ ಹಸಿರು ಬೇಕಿದ್ದವರಿಗೆ ಇವು ಬೇಕಾದವು. ಅಲ್ಲಿನ ಅಗತ್ಯಕ್ಕೆ ಅಲ್ಲಿನ ಗಿಡ.

ಗಾಜಿನ ಪೆಟ್ಟಿಗೆಯಲ್ಲಿ ಬಂದವು

ನಮ್ಮ ದೇಶಕ್ಕೆ ಹೊರಗಿನ ಅಲಂಕಾರದ ಗಿಡಗಳು ದೊಡ್ಡ ಸಂಖ್ಯೆಯಲ್ಲಿ ಬಂದದ್ದು 19ನೇ ಶತಮಾನದಲ್ಲಿ. ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ರೂಪಿಸಿದ ಮುಚ್ಚಿದ ಗಾಜಿನ ಪೆಟ್ಟಿಗೆಯಲ್ಲಿ ಸಸಿಗಳು ತಿಂಗಳುಗಟ್ಟಲೆ ಹಡಗಿನಲ್ಲಿ ಬದುಕಿ ಬರುತ್ತಿದ್ದವು. ಸಮುದ್ರಮಟ್ಟದಿಂದ ಸುಮಾರು 2,200 ಮೀಟರ್ ಎತ್ತರದ ಊಟಿಯಲ್ಲಿ ಬ್ರಿಟಿಷರು 1840ರ ದಶಕದ ಕೊನೆಗೆ ಸಸ್ಯೋದ್ಯಾನ ಮಾಡಿ ಚಳಿ ನಾಡಿನ ಮರಗಳನ್ನು ಬೆಳೆಸಿದರು. ಅಲ್ಲಿನ ಹವೆ ಅವಕ್ಕೆ ಹಿಡಿಸಿತು.

ಬೆಂಗಳೂರಿನ ಲಾಲ್‌ಬಾಗ್ 1760ರಲ್ಲಿ ಹೈದರ್ ಅಲಿ ಶುರು ಮಾಡಿದ ತೋಟ. 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಜಾನ್ ಕ್ಯಾಮರಾನ್ 1874ರಿಂದ, ಜರ್ಮನಿಯ ಕ್ರುಂಬೀಗಲ್ 1908ರಿಂದ ಅದನ್ನು ನೋಡಿಕೊಂಡರು. ಹೊರದೇಶದ ಗಿಡ ತರಿಸಿ ನಮ್ಮ ಹವೆಗೆ ಒಗ್ಗುತ್ತದೆಯೇ ಎಂದು ಪರೀಕ್ಷಿಸುವುದು ಅಲ್ಲಿಯ ಮುಖ್ಯ ಕೆಲಸವಾಗಿತ್ತು. ಒಗ್ಗಿದ ಕೋನಿಫರ್‌ಗಳಲ್ಲಿ ಎದ್ದು ಕಾಣುವುದು ಅರಾಕೇರಿಯಾ. ನಮ್ಮ ನರ್ಸರಿಗಳಲ್ಲಿ ‘ಕ್ರಿಸ್‌ಮಸ್ ಟ್ರೀ’ ಎಂದು ಕುಂಡದಲ್ಲಿ ಮಾರುವುದು ಇದೇ ಬಳಗದ ಗಿಡ. ಇದು ಕುಳ್ಳ ಗಿಡವಲ್ಲ, ಮಹಾವೃಕ್ಷದ ಮರಿ. ತನ್ನ ನೆಲದಲ್ಲಿ 60 ಮೀಟರ್ ತನಕ ಹೋಗುತ್ತದೆ. ವಿದ್ಯುತ್ ತಂತಿಯ ಕೆಳಗೆ ನೆಡುವವರು ಇದನ್ನು ತಿಳಿದಿರಬೇಕು.

ನಮ್ಮ ಕಡೆಯ ಅಂಗಳ

ನಮ್ಮ ಭಾಗದ ಹಳೇ ಮನೆಗಳ ಮುಂದೆ ತುಳಸಿ ಕಟ್ಟೆ, ಬೇವು, ಮಲ್ಲಿಗೆ ಇರುತ್ತಿದ್ದವು. ನೆರಳು, ಪೂಜೆ, ಔಷಧ, ಒಂದಕ್ಕಾದರೂ ಬೇಕಾದ ಗಿಡಗಳೇ. ಬರೀ ಚಂದಕ್ಕಾಗಿ ಸಾಲು ಗಿಡ ಹಚ್ಚಿ ಕತ್ತರಿಸುವುದು ಸ್ಟೇಷನ್, ಬಂಗಲೆ, ಕಾಲೊನಿಗಳ ರೂಢಿ.

ಮುಂಬೈ ಕಡೆಯ ರೈಲು ಮಾರ್ಗ 1871ರಲ್ಲಿ ರಾಯಚೂರು ಮುಟ್ಟಿತು. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ ಮೇಲೆ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು. ಶಹಾಬಾದಿನ ಫರ್ಸಿ ದೂರದ ಊರುಗಳಿಗೆ ಹೋಯಿತು. ಅದೇ ಸುಣ್ಣಕಲ್ಲಿನಿಂದ ನಿಜಾಮರ ಕಾಲದಲ್ಲೇ ಶಹಾಬಾದಿನಲ್ಲಿ ಸಿಮೆಂಟ್ ಶುರುವಾಯಿತು. 1960ರ ದಶಕದ ಕೊನೆಗೆ ವಾಡಿಗೆ, 1980ರ ದಶಕದಲ್ಲಿ ಸೇಡಂ, ಮಳಖೇಡಕ್ಕೆ ಕಾರ್ಖಾನೆ ಬಂದವು. ಕಾರ್ಖಾನೆಯ ಜೊತೆ ಕಾಲೊನಿ, ಕಾಲೊನಿಯ ಜೊತೆ ಕತ್ತರಿಸಿದ ಬೇಲಿ ಮತ್ತು ಗೇಟಿನ ಜೋಡಿ ಗಿಡ.

ಮೋರ್‌ಪಂಖಿ ಹೇಗೆ ಉಳಿಯಿತು?

ಅದರ ತವರು ಉತ್ತರ ಚೀನಾ, ಕೊರಿಯಾದ ಕಡೆ. 1753ರಲ್ಲಿ ಲಿನಿಯಸ್ ಇದಕ್ಕೆ ಥೂಜಾ ಓರಿಯಂಟಾಲಿಸ್ ಎಂದು ಹೆಸರಿಟ್ಟ. ಈಗಿನ ಹೆಸರು ಪ್ಲಾಟಿಕ್ಲಾಡಸ್. ಬೀಜಿಂಗಿನ ಹಳೇ ಮಂದಿರಗಳ ಆವರಣದಲ್ಲಿ ನೂರಾರು ವರ್ಷದ ಮರಗಳಿವೆ. ಆ ತವರಿನಲ್ಲಿ ಚಳಿಯೂ ಇದೆ, ಉರಿ ಬಿಸಿಲೂ ಇದೆ. ಸುಣ್ಣದ ಕಲ್ಲುಗುಡ್ಡದಲ್ಲೂ ಬೇರು ಬಿಡುತ್ತದೆ. ಅದಕ್ಕೇ ನಮ್ಮ ಸುಣ್ಣದ ನೆಲ, ಗಡಸು ನೀರು ಅದಕ್ಕೆ ಹೊಸದಲ್ಲ.

ಸ್ಪ್ರೂಸ್‌ನ ಹಣೆಬರಹ ಬೇರೆ. ಚಳಿಗಾಲದಲ್ಲಿ ತಿಂಗಳುಗಟ್ಟಲೆ ನಿದ್ದೆ ಮಾಡುವುದು ಅದರ ಬಾಳಿನ ಕ್ರಮ. ಕಲಬುರಗಿ ಸೀಮೆಯಲ್ಲಿ ಆ ನಿದ್ದೆ ಸಿಗದು. ಮೇ ತಿಂಗಳ ರಾತ್ರಿಯೂ ಕಾವು ಇಳಿಯುವುದಿಲ್ಲ, ಹಗಲು ಕೂಡಿಟ್ಟ ಆಹಾರವನ್ನು ಗಿಡ ರಾತ್ರಿಯೇ ಖರ್ಚು ಮಾಡುತ್ತದೆ. ಕುಂಡವನ್ನು ಫರ್ಸಿ ಮೇಲಿಟ್ಟರೆ ಕಲ್ಲಿನ ಕಾವಿಗೆ ಬೇರು ಬೇಯುತ್ತದೆ. ಎಷ್ಟು ನೀರು ಹಾಕಿದರೂ ಇದು ಸರಿಹೋಗದು.

ಕೊಳ್ಳುವ ಮುನ್ನ

ನರ್ಸರಿಯಲ್ಲಿ ದರ ಕೇಳುವ ಮೊದಲು ಎರಡು ಮಾತು ಕೇಳಿ: ಇದರ ತವರು ಯಾವುದು, ದೊಡ್ಡದಾದರೆ ಎಷ್ಟೆತ್ತರ? ಸ್ಪ್ರೂಸ್, ಫರ್ ಎಂದರೆ ಬಿಟ್ಟುಬಿಡಿ. ಮೋರ್‌ಪಂಖಿ ಬೇಕಿದ್ದರೆ ಮಳೆಗಾಲದ ಆರಂಭದಲ್ಲಿ ಹಚ್ಚಿ. ಕರಿ ಎರೆ ಮಣ್ಣಾಗಿದ್ದರೆ ಮುರುಮು ಬೆರೆಸಿ, ದಿಬ್ಬ ಮಾಡಿ, ನೀರು ನಿಲ್ಲದಂತೆ ನೋಡಿಕೊಳ್ಳಿ. ಸಿಮೆಂಟ್ ಧೂಳು ಕೂರುವ ಕಡೆ ಆಗಾಗ ಎಲೆ ತೊಳೆಯಿರಿ. ಹಸಿರಿರುವಷ್ಟನ್ನೇ ಕತ್ತರಿಸಿ, ಎಲೆಯಿಲ್ಲದ ಹಳೇ ಕಟ್ಟಿಗೆ ತನಕ ಕತ್ತರಿಸಿದರೆ ಅಲ್ಲಿ ಮತ್ತೆ ಚಿಗುರುವುದು ಕಷ್ಟ.

ಒಂದೇ ಗಿಡಕ್ಕೆ ಜಾಗವಿದ್ದವರು ಮಾತ್ರ ಇನ್ನೊಮ್ಮೆ ಯೋಚಿಸಲಿ. ಮೋರ್‌ಪಂಖಿ ಚಂದ ಕೊಡುತ್ತದೆ, ಕೂರಲು ನೆರಳು ಕೊಡುವುದಿಲ್ಲ. ಹಿಮದ ದೇಶದವರಿಗೆ ಬೇಕಿದ್ದದ್ದು ಚಳಿಯಲ್ಲಿ ಹಸಿರು, ನಮಗೆ ಬೇಕಿರುವುದು ಬೇಸಿಗೆಯಲ್ಲಿ ತಂಪು. ಅದಕ್ಕೆ ನಮ್ಮ ಬೇವೇ ಸಾಕು.

ನಿಮ್ಮ ಊರಿನ ಶಾಲೆಯಲ್ಲೋ ಸ್ಟೇಷನ್ನಿನಲ್ಲೋ ಅಜ್ಜನ ಕಾಲದ ಮೋರ್‌ಪಂಖಿ ಇದ್ದರೆ, ಹಚ್ಚಿದವರು ಯಾರು, ಸಸಿ ಎಲ್ಲಿಂದ ತಂದರು ಎಂದು ಹಿರಿಯರನ್ನು ಕೇಳಿ ನಮಗೆ ಬರೆದು ಕಳಿಸಿ. ಊರಿನ ಗಿಡಗಳ ಚರಿತ್ರೆಯೂ ಊರಿನ ಚರಿತ್ರೆಯೇ.