ತೇಲಿದ ಕಾಳಿನ ಚರಿತ್ರೆ

ಹುರುಳಿಯನ್ನೋ ಹೆಸರನ್ನೋ ನೀರಿಗೆ ಸುರಿದರೆ ಗಟ್ಟಿಕಾಳು ತಳ ಸೇರುತ್ತದೆ. ಜೊಳ್ಳೂ ಹುಳು ಕೊರೆದ ಕಾಳೂ ಒಳಗಿನ ಗಾಳಿಯಿಂದ ಹಗುರಾಗಿ ಮೇಲೆ ತೇಲುತ್ತವೆ. ಅಡುಗೆಮನೆಯಲ್ಲಿ ತೇಲಿದ್ದನ್ನು ಬಸಿದು ಚೆಲ್ಲುವುದು ರೂಢಿ. ಪುರಾತತ್ತ್ವಜ್ಞರು ಜೋಪಾನ ಮಾಡುವುದು ತೇಲಿದ್ದನ್ನೇ.

ಗೊರೇಬಾಳದ ಆಸುಪಾಸಿನ ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯ ಚರಿತ್ರೆಗೆ ಈ ಮಾತು ನೇರವಾಗಿ ಸಲ್ಲುತ್ತದೆ. 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಶಾಸನ ದೇವಾನಾಂಪ್ರಿಯನೇ ಅಶೋಕನೆಂಬುದನ್ನು ಸ್ಥಿರಪಡಿಸಿತು. ಆದರೆ ಅಶೋಕನಿಗಿಂತ ಬಹು ಹಿಂದೆ ಈ ಸೀಮೆಯಲ್ಲಿ ದನ ಸಾಕಿ ಬದುಕಿದ ನವಶಿಲಾಯುಗದ ಜನರ ಊಟವನ್ನು ಯಾವ ಶಾಸನವೂ ಹೇಳದು. ಆಲ್ಚಿನ್ ಅವರು 1952ರಲ್ಲಿ ಪಿಕ್ಲಿಹಾಳವನ್ನೂ ಥಾಪರ್ ಅವರು 1954ರಲ್ಲಿ ಮಸ್ಕಿಯನ್ನೂ ಅಗೆದಾಗ, ಮಣ್ಣನ್ನು ನೀರಿನಲ್ಲಿ ತೇಲಿಸಿ ಬೀಜ ಹುಡುಕುವ ಕ್ರಮ ಇನ್ನೂ ಬಳಕೆಗೆ ಬಂದಿರಲಿಲ್ಲ.

ಕ್ರಮವೇನೋ ಸರಳ. ಹಸಿ ಕಾಳು ಮಣ್ಣಿನಲ್ಲಿ ಕೊಳೆಯುತ್ತದೆ. ಒಲೆಯಲ್ಲಿ ಕರಿಕಾದ ಕಾಳು ಇದ್ದಿಲಾಗಿ ಉಳಿಯುತ್ತದೆ. ಇದ್ದಿಲಿನ ಸೂಕ್ಷ್ಮ ರಂಧ್ರಗಳಲ್ಲಿ ಗಾಳಿ ತುಂಬಿರುವುದರಿಂದ, ಉತ್ಖನನದ ಮಣ್ಣನ್ನು ನೀರಿನಲ್ಲಿ ಕಲಕಿದಾಗ ಮಣ್ಣು ಮುಳುಗಿ ಕರಿಕಾಳು ಮೇಲೇಳುತ್ತದೆ. ಅದನ್ನು ಸಣ್ಣ ಕಣ್ಣಿನ ಜಾಲರಿಯಲ್ಲಿ ಸೋಸಿ, ಬಿರಿಯದಂತೆ ನೆರಳಿನಲ್ಲಿ ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗೆ ಗುರುತಿಸುತ್ತಾರೆ.

ಡೋರಿಯನ್ ಫುಲ್ಲರ್, ರವಿ ಕೋರಿಶೆಟ್ಟರ್ ಮೊದಲಾದವರು ಸಂಗನಕಲ್ಲು, ಹಳ್ಳೂರು ಮುಂತಾದ ನೆಲೆಗಳ ಮಣ್ಣನ್ನು ಹೀಗೆ ಪರೀಕ್ಷಿಸಿ 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಹುರುಳಿ, ಹೆಸರು, ಕೊರಲೆ ಮತ್ತು ನವಣೆಯ ಬಳಗದ ಒಂದು ಕಿರುಧಾನ್ಯ ಇಲ್ಲಿಯ ಮೂಲ ಆಹಾರವೆಂಬುದು ಅದರಿಂದ ತಿಳಿಯಿತು. ನಾಲ್ಕೂ ಮುಂಗಾರಿನ ಬೆಳೆಗಳು. ಗೋದಿ, ಜವೆಗೋದಿ ಹೊರಗಿನಿಂದ ಬಂದು ಸೇರಿದವು. ದಕ್ಷಿಣದ ಬೇಸಾಯವೆಲ್ಲ ಉತ್ತರದಿಂದ ಬಂದ ಎರವಲು ಎಂಬ ಊಹೆ ಇದರಿಂದ ಸಡಿಲವಾಯಿತು.

ಸಾಕ್ಷ್ಯಕ್ಕೆ ಮಿತಿಯೂ ಉಂಟು. ಬೆಂಕಿ ಮುಟ್ಟದ ಸೊಪ್ಪು, ಗೆಡ್ಡೆಗಳು ಸಾಮಾನ್ಯವಾಗಿ ಗುರುತುಳಿಸುವುದಿಲ್ಲ. ಆದ್ದರಿಂದ ತೇಲಿ ಬಂದ ಕಾಳುಗಳು ಅಂದಿನ ಊಟದ ಒಂದು ಪಾಲನ್ನಷ್ಟೇ ಹೇಳುತ್ತವೆ.

ತುಂಗಭದ್ರೆಯ ಎಡದಂಡೆ ಕಾಲುವೆಯಿಂದ ಸಿಂಧನೂರು ಇಂದು ಭತ್ತದ ಸೀಮೆ. ಗದ್ದೆಗಾಗಿ ಹಳೆಯ ದಿಬ್ಬವೊಂದನ್ನು ಸಮತಟ್ಟು ಮಾಡಿದರೆ, ಅಕ್ಷರವರಿಯದ ಜನರು ಬಿಟ್ಟುಹೋದ ದಾಖಲೆಯೇ ಅಳಿಯುತ್ತದೆ. ಅದಕ್ಕೆ ಪ್ರತಿ ಇಲ್ಲ. ಬಂಡೆಯ ಶಾಸನಕ್ಕಿರುವ ಕಾವಲು ಈ ಮಣ್ಣಿಗೂ ಬೇಕು.