ರಾಂಬೊ ಮತ್ತು ದಂಡಿನ ಪ್ರೇಕ್ಷಕರು

ಬೆಂಗಳೂರಿನ ಪೇಟೆಯವರು ಊರಿನ ಪೂರ್ವಭಾಗವನ್ನು ಬಹುಕಾಲ 'ದಂಡು' ಎಂದೇ ಕರೆದರು. 1809ರಲ್ಲಿ ಇಂಗ್ಲಿಷರು ಹಲಸೂರಿನ ಸುತ್ತ ತಮ್ಮ ಸೈನ್ಯವನ್ನು ನೆಲೆಗೊಳಿಸಿದ ಮೇಲೆ ಬಂದ ಹೆಸರು ಅದು. ಸೈನ್ಯದ ಹಿಂದೆ ಅಂಗಡಿಗಳು ಬಂದವು, ಇಗರ್ಜಿಗಳು ಬಂದವು, ಕಾಲಕ್ರಮದಲ್ಲಿ ಟಾಕೀಸುಗಳೂ ಬಂದವು. ಮಹಾತ್ಮಾಗಾಂಧಿ ರಸ್ತೆಯ ಒಂದು ಚಿತ್ರಮಂದಿರಕ್ಕೆ ಬಿ.ಆರ್.ವಿ. ಎಂಬ ಹೆಸರೇ ಇತ್ತಷ್ಟೆ. ಬ್ಯಾಂಗಲೋರ್ ರೈಫಲ್ ವಾಲಂಟಿಯರ್ಸ್ ಎಂಬ ಸ್ವಯಂಸೇವಕ ದಳದ ಹೆಸರು ಅದು. ಹೀಗೆ ನಮ್ಮೂರಿನಲ್ಲಿ ಇಂಗ್ಲಿಷ್ ಪಿಕ್ಚರಿಗೂ ಸಿಪಾಯಿಗೂ ಹಳೆಯ ನಂಟು. ನಾವು ಹುಡುಗರಾಗಿದ್ದಾಗ 'ದಂಡಿಗೆ ಹೋಗಿದ್ದೆ' ಎಂದರೆ 'ಇಂಗ್ಲಿಷ್ ಪಿಕ್ಚರಿಗೆ ಹೋಗಿದ್ದೆ' ಎಂದೇ ಮನೆಯವರು ತಿಳಿಯುತ್ತಿದ್ದರು.

ನಾನೀಗ ಬರೆಯಹೊರಟಿರುವುದು ಅಂಥದೊಂದು ಪಿಕ್ಚರಿನ ವಿಷಯ. ಪಿಕ್ಚರಿಗಿಂತ ಹೆಚ್ಚಾಗಿ ಅದನ್ನು ನೋಡಿದವರ ವಿಷಯ.

ನಮ್ಮ ಮನೆ ಸಿ.ವಿ. ರಾಮನ್ ನಗರದಲ್ಲಿ. ವಿಜ್ಞಾನಿಯ ಹೆಸರು ಹೊತ್ತ ಈ ಬಡಾವಣೆಯಲ್ಲಿ ವಿಜ್ಞಾನಿಗಳಿಗೆ ಕೊರತೆಯಿಲ್ಲ. ರೇಡಾರು ರೂಪಿಸುವ ಸಂಸ್ಥೆ, ವಿಮಾನದ ಎಂಜಿನಿನ ಮೇಲೆ ಸಂಶೋಧನೆ ನಡೆಸುವ ಸಂಸ್ಥೆ ಮೊದಲಾಗಿ ರಕ್ಷಣಾ ಇಲಾಖೆಯ ಪ್ರಯೋಗಾಲಯಗಳು ಇಲ್ಲಿಯೇ ಇವೆ. 1980ರ ದಶಕದಲ್ಲಿ ಅವುಗಳ ಆಚೆಗೆ ಕಗ್ಗದಾಸಪುರ, ಬೈರಸಂದ್ರ, ನಾಗವಾರಪಾಳ್ಯಗಳು ಇನ್ನೂ ಹಳ್ಳಿಗಳಂತೆಯೇ ಇದ್ದವು. ಬೀದಿಯಲ್ಲಿ ಒಂದು ಮನೆಯಲ್ಲಿ ವಿಜ್ಞಾನಿ, ಪಕ್ಕದ ಮನೆಯಲ್ಲಿ ಎಚ್.ಎ.ಎಲ್. ಕಾರ್ಮಿಕ, ಅದರಾಚೆ ಪೆನ್ಷನ್ ಪಡೆದ ಸಿಪಾಯಿ: ಇದು ನಮ್ಮ ನೆರೆಹೊರೆ.

ಆ ಸಿಪಾಯಿಗಳಲ್ಲಿ ನಮ್ಮ ಸೋದರಮಾವನೂ ಒಬ್ಬರು. ಅವರು ಹಲಸೂರು ಕೆರೆಯ ಬಳಿ ಕೇಂದ್ರವಿರುವ ಮದ್ರಾಸ್ ಸ್ಯಾಪರ್ಸ್ ದಳದಲ್ಲಿ ಹವಾಲ್ದಾರರಾಗಿದ್ದರು. ಈ ದಳದ ಮೂಲ 1780ರದು. 1834ರಿಂದ ಬೆಂಗಳೂರೇ ಅದರ ಮನೆ. ಸ್ಯಾಪರ್ ಎಂದರೆ ಬಂದೂಕಿಗಿಂತ ಹೆಚ್ಚಾಗಿ ಸಲಿಕೆ, ಸೇತುವೆ, ಸಿಡಿಮದ್ದುಗಳ ಜೊತೆ ಬಾಳುವ ಸಿಪಾಯಿ. 1971ರ ಡಿಸೆಂಬರಿನಲ್ಲಿ ಬಸಂತರ್ ನದಿಯ ಬಳಿ ನಮ್ಮ ಟ್ಯಾಂಕುಗಳು ಮುಂದುವರಿಯಲು ಶತ್ರು ಹೂತಿಟ್ಟ ಮೈನುಗಳ ನಡುವೆ ದಾರಿ ಬಿಡಿಸಿದವರಲ್ಲಿ ಮದ್ರಾಸ್ ಸ್ಯಾಪರುಗಳೂ ಇದ್ದರು. ಮಾವನೂ ಆ ಯುದ್ಧವನ್ನು ಕಂಡವರು. ಆದರೆ ಅದರ ವಿಷಯ ನಾವು ಎಷ್ಟು ಕೇಳಿದರೂ, 'ಚಳಿ ಬಹಳ ಇತ್ತಪ್ಪ' ಎಂದಷ್ಟೇ ಹೇಳಿ ಬೀಡಿ ಹಚ್ಚುತ್ತಿದ್ದರು.

ನಲವತ್ತು ತುಂಬುವಷ್ಟರಲ್ಲಿ ಅವರಿಗೆ ಪೆನ್ಷನ್ ಆಯಿತು. ಬೇರೆಯವರು ಬಡ್ತಿಗೆ ಕಾಯುವ ವಯಸ್ಸಿನಲ್ಲಿ ಸಿಪಾಯಿ 'ಮಾಜಿ' ಆಗುತ್ತಾನೆ. ಸೇತುವೆ ಕಟ್ಟಿದ ಕೈಗೆ ಸಿಕ್ಕಿದ್ದು ಒಂದು ಕಾರ್ಖಾನೆಯ ಗೇಟಿನಲ್ಲಿ ಲಾರಿಗಳ ನಂಬರು ಬರೆದುಕೊಳ್ಳುವ ಕೆಲಸ. ಮಾವ ಆ ಬಗ್ಗೆಯೂ ಏನೂ ಹೇಳಲಿಲ್ಲ. ಗೇಟಿನ ಖಾಕಿಗೂ ಹಳೆಯ ಖಾಕಿಯಂತೆಯೇ ಗಂಜಿ ಹಾಕಿ ಇಸ್ತ್ರಿ ಮಾಡಿಸುತ್ತಿದ್ದರು, ಅಷ್ಟೆ.

ಆ ದಿನಗಳಲ್ಲಿ ರಾಂಬೊ ನಮ್ಮೂರಿಗೆ ಬಂದ. ಸಿಲ್ವೆಸ್ಟರ್ ಸ್ಟಲೋನ್ ಎಂಬ ಅಮೆರಿಕದ ನಟ ಹಣೆಗೆ ಬಟ್ಟೆ ಬಿಗಿದು, ಬರಿಯ ಮೈಯಲ್ಲಿ ಬಂದೂಕು ಹಿಡಿದು ನಿಂತ ಚಿತ್ರ ಕ್ಷೌರದಂಗಡಿಗಳಲ್ಲಿ, ಗರಡಿಮನೆಗಳಲ್ಲಿ, ಆಟೋರಿಕ್ಷಾಗಳ ಬೆನ್ನ ಮೇಲೆ ಕಾಣಿಸಿಕೊಂಡಿತು. ಅದು 1985ರಲ್ಲಿ ತಯಾರಾದ ಎರಡನೆಯ ಭಾಗ. ಮೊದಲ ಭಾಗವನ್ನು ನಮ್ಮಲ್ಲಿ ಯಾರೂ ನೋಡಿರಲಿಲ್ಲ. ಎರಡನೆಯದನ್ನು ನೋಡದಿದ್ದರೆ ಮಾನ ಹೋಗುತ್ತಿತ್ತು. ಒಂದು ಭಾನುವಾರ ನಾವು ಐದಾರು ಮಂದಿ ಗೆಳೆಯರು ಶಿವಾಜಿನಗರದ ಬಸ್ಸು ಹತ್ತಿದೆವು. 'ಮಿಲಿಟರಿ ಪಿಕ್ಚರು, ನೀವೂ ಬನ್ನಿ' ಎಂದು ಮಾವನನ್ನೂ ಎಳೆದುಕೊಂಡು ಹೋದೆವು.

ಕಥೆ ಹಲವರಿಗೆ ನೆನಪಿರಬಹುದು. ವಿಯೆಟ್ನಾಂ ಯುದ್ಧದಿಂದ ಹಿಂದಿರುಗಿ, ಊರಿನಲ್ಲಿ ಗಲಭೆ ಎಬ್ಬಿಸಿ ಜೈಲು ಸೇರಿರುವ ಮಾಜಿ ಸೈನಿಕನನ್ನು ಸರ್ಕಾರ ಮತ್ತೆ ಅದೇ ಕಾಡಿಗೆ ಕಳಿಸುತ್ತದೆ. ಅಲ್ಲಿ ಇನ್ನೂ ಸೆರೆಯಲ್ಲಿರುವ ಅಮೆರಿಕದ ಸೈನಿಕರನ್ನು ಕಂಡು ಬರಬೇಕು. ಅವನನ್ನು ಕಳಿಸಿದವರೇ ನಡುವೆ ಕೈಬಿಡುತ್ತಾರೆ. ಮುಂದಿನದು ಬಾಣ, ಬೆಂಕಿ, ಹೆಲಿಕಾಪ್ಟರು, ಹೆಣ. ಗಾಂಧಿಕ್ಲಾಸಿನಿಂದ ಹಿಡಿದು ಬಾಲ್ಕನಿಯವರೆಗೆ ಶಿಳ್ಳೆಯೋ ಶಿಳ್ಳೆ. ನಾನೂ ಹಾಕಿದೆ; ಸುಳ್ಳೇಕೆ ಹೇಳಲಿ?

ಎಲ್ಲ ಮುಗಿದ ಮೇಲೆ ಒಂದು ಸಣ್ಣ ದೃಶ್ಯವಿದೆ. ನಿನಗೇನು ಬೇಕು ಎಂದು ಕೇಳಿದ ಹಳೆಯ ಮೇಲಧಿಕಾರಿಗೆ ರಾಂಬೊ ಉತ್ತರ ಕೊಡುತ್ತಾನೆ: ನಾವು ದೇಶವನ್ನು ಪ್ರೀತಿಸಿದ ಹಾಗೆ ದೇಶವೂ ನಮ್ಮನ್ನು ಪ್ರೀತಿಸಲಿ. ಈ ಮಾತು ಬರುವ ಹೊತ್ತಿಗೆ ನಮ್ಮ ಟಾಕೀಸಿನಲ್ಲಿ ಕುರ್ಚಿಗಳು ಪಟಪಟನೆ ಮಡಚಿಕೊಳ್ಳುತ್ತಿದ್ದವು. ಸೈಕಲ್ ಸ್ಟ್ಯಾಂಡಿನ ನೂಕುನುಗ್ಗಲಿಗೆ ಮೊದಲೇ ಹೊರಬೀಳಬೇಕೆಂದು ಜನ ಎದ್ದಿದ್ದರು, ನಾವೂ ಎದ್ದಿದ್ದೆವು. ಮಾವ ಮಾತ್ರ ಕುಳಿತಿದ್ದರು. 'ಸ್ವಲ್ಪ ತಡೀರೋ' ಎಂದರು. ಯಾರೂ ತಡೆಯಲಿಲ್ಲ.

ಮರುದಿನ ಬೀದಿಯಲ್ಲಿ ವಿಮರ್ಶೆ ನಡೆಯಿತು. ಗೆಳೆಯರ ಪೈಕಿ ಒಬ್ಬ ಸತ್ತವರ ಲೆಕ್ಕ ಇಟ್ಟಿದ್ದ. ಐವತ್ತು ದಾಟಿದ ಮೇಲೆ ಲೆಕ್ಕ ತಪ್ಪಿತೆಂದು ಹೆಮ್ಮೆಯಿಂದ ಹೇಳಿದ. ನಮ್ಮ ನೆರೆಮನೆಯ ವಿಜ್ಞಾನಿಗಳೂ ಆ ಪಿಕ್ಚರನ್ನು ನೋಡಿದ್ದರು. ಅವರ ಆಕ್ಷೇಪಣೆ ಶಾಸ್ತ್ರೀಯವಾದುದು. ರಾಂಬೊ ನೆಲಕ್ಕಿಳಿದ ಹೆಲಿಕಾಪ್ಟರಿನ ಒಳಗೆ ಕುಳಿತೇ ಹೆಗಲಿನ ಕೊಳವೆಯಿಂದ ರಾಕೆಟ್ಟು ಹಾರಿಸಿ ಎದುರಿನ ಹೆಲಿಕಾಪ್ಟರನ್ನು ಸುಡುತ್ತಾನೆ. 'ರಾಕೆಟ್ಟು ಮುಂದಕ್ಕೆ ಹೋದರೆ ಅದರ ಬೆಂಕಿ ಹಿಂದಕ್ಕೆ ನುಗ್ಗುತ್ತದಯ್ಯಾ. ಹಿಂದೆ ಕೂತಿದ್ದವರು ಯಾರು? ಅವನು ಬಿಡಿಸಿ ತಂದ ಕೈದಿಗಳೇ! ಅಷ್ಟೂ ಜನ ಅಲ್ಲೇ ಬೆಂದುಹೋಗಬೇಕಾಗಿತ್ತು' ಎಂದರು. ಸಿ.ವಿ. ರಾಮನ್ ನಗರದಲ್ಲಲ್ಲದೆ ಬೇರೆಲ್ಲಿ ಇಂಥ ವಿಮರ್ಶೆ ಕೇಳಲು ಸಿಕ್ಕೀತು? ನಾವು ನಕ್ಕೆವು. ಮಾವ ನಗಲಿಲ್ಲ. 'ನಮಗೆ ಮೊದಲನೇ ದಿನ ಹೇಳಿಕೊಟ್ಟದ್ದು ಒಂದೇ. ಸಿಡಿಮದ್ದು ಕೈಯಲ್ಲಿದ್ದಾಗ ಓಡಬಾರದು. ಇವನು ಪಿಕ್ಚರು ಪೂರ್ತಿ ಓಡಿದ' ಎಂದು ಎದ್ದುಹೋದರು.

ಆ ಮೇಲೆ ಎಷ್ಟೋ ವರ್ಷಕ್ಕೆ ನಾನು ಈ ಚಿತ್ರಗಳ ಹಿಂದಿನ ಚರಿತ್ರೆಯನ್ನು ಓದಿದೆ. ರಾಂಬೊ ಹುಟ್ಟಿದ್ದು ಡೇವಿಡ್ ಮೊರೆಲ್ ಎಂಬ ಲೇಖಕ 1972ರಲ್ಲಿ ಪ್ರಕಟಿಸಿದ ಕಾದಂಬರಿಯಲ್ಲಿ. ಆ ಕಾದಂಬರಿಯ ಕೊನೆಯಲ್ಲಿ ರಾಂಬೊ ಸಾಯುತ್ತಾನೆ. ಕೊಲ್ಲುವವನು ಅವನನ್ನು ತರಬೇತು ಮಾಡಿದ ದಳದ ಅಧಿಕಾರಿಯೇ. ಕೊಲ್ಲುವುದನ್ನು ಕಲಿತವನಿಗೆ ಮನೆಗೆ ಮರಳುವ ದಾರಿಯಿಲ್ಲವೆಂಬುದು ಕಥೆಯ ಕಟುವಾದ ತಾತ್ಪರ್ಯ. 1982ರಲ್ಲಿ ಅದನ್ನು ಚಿತ್ರ ಮಾಡಿದಾಗಲೂ ನಾಯಕ ಸಾಯುವ ಮುಕ್ತಾಯವನ್ನೇ ಚಿತ್ರಿಸಿದ್ದರು. ಜೊತೆಗೆ ಅವನು ಬದುಕುವ ಇನ್ನೊಂದು ಮುಕ್ತಾಯವನ್ನೂ ತೆಗೆದಿಟ್ಟುಕೊಂಡಿದ್ದರು. ಬಿಡುಗಡೆಗೆ ಮುಂಚೆ ಪರೀಕ್ಷಾರ್ಥವಾಗಿ ಸಾಮಾನ್ಯ ಪ್ರೇಕ್ಷಕರಿಗೆ ತೋರಿಸಿದಾಗ ಜನ ಆ ಸಾವನ್ನು ಒಪ್ಪಲಿಲ್ಲ. ಇಷ್ಟು ನೊಂದವನನ್ನು ಕೊಲ್ಲುವುದೇ ಎಂದು ಕೋಪಿಸಿಕೊಂಡರು. ರಾಂಬೊ ಬದುಕಿದ.

ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಕುಳಿತೆ. ಪ್ರೇಕ್ಷಕನ ಅಭಿಪ್ರಾಯಕ್ಕೆ ಬೆಲೆಯಿಲ್ಲವೆನ್ನುತ್ತಾರೆ. ಇಲ್ಲಿ ಪ್ರೇಕ್ಷಕನೇ ಒಬ್ಬ ಮಾಜಿ ಸೈನಿಕನಿಗೆ ಪ್ರಾಣದಾನ ಮಾಡಿದ! ಆ ಕರುಣೆಯಿಂದಲೇ ಎರಡನೆಯ ಭಾಗ ಸಾಧ್ಯವಾಯಿತು. ಆದರೆ ಎರಡನೆಯ ಭಾಗದಲ್ಲಿ ಕರುಣೆ ಎಲ್ಲಿ ಹೋಯಿತು? ಮೊದಲ ಚಿತ್ರದಲ್ಲಿ ಸಾಯುವವನು ಒಬ್ಬನೇ, ಅದೂ ಹೆಲಿಕಾಪ್ಟರಿನಿಂದ ಬಿದ್ದು. ಎರಡನೆಯದರಲ್ಲಿ ನಮ್ಮ ಗೆಳೆಯನ ಲೆಕ್ಕವೇ ತಪ್ಪಿತು.

ಅಮೆರಿಕದಲ್ಲಿಯೂ ಪ್ರೇಕ್ಷಕರ ಅಭಿಪ್ರಾಯ ಒಂದಾಗಿರಲಿಲ್ಲ. ಅಲ್ಲಿ ಚಿತ್ರ ಸುಮಾರು 15 ಕೋಟಿ ಡಾಲರು ಗಳಿಸಿತು. ಅಧ್ಯಕ್ಷ ರೇಗನ್ನರು ತಾವೂ ಅದನ್ನು ನೋಡಿದುದಾಗಿಯೂ ಇನ್ನು ಮುಂದೆ ಯಾರಾದರೂ ಅಮೆರಿಕನ್ನರನ್ನು ಒತ್ತೆಯಿಟ್ಟುಕೊಂಡರೆ ಏನು ಮಾಡಬೇಕೆಂದು ತಮಗೆ ಗೊತ್ತಾಯಿತೆಂದೂ 1985ರಲ್ಲಿ ವಿನೋದವಾಗಿ ಆಡಿದ ಮಾತು ಪ್ರಸಿದ್ಧ. ವರ್ಷದ ಅತಿ ಕೆಟ್ಟ ಚಿತ್ರಕ್ಕೆ ಅಣಕವಾಗಿ ಕೊಡುವ 'ರಾಝಿ' ಬಹುಮಾನವೂ ಇದಕ್ಕೇ ಬಂತು. ವಿಯೆಟ್ನಾಮಿನಲ್ಲಿ ನಿಜವಾಗಿ ಕಾದಿ ಬಂದವರಲ್ಲಿ ಹಲವರು ಸಿಟ್ಟಾದರು. ತೆರೆಯ ಮೇಲೆ ಯುದ್ಧ ಗೆದ್ದ ನಟ ಆ ಯುದ್ಧಕ್ಕೆ ಹೋದವನಲ್ಲ. ಆ ವರ್ಷಗಳಲ್ಲಿ ಕೆಲಕಾಲ ಸ್ವಿಟ್ಜರ್ಲೆಂಡಿನ ಒಂದು ವಿದ್ಯಾಸಂಸ್ಥೆಯಲ್ಲಿದ್ದವನು. ಕಾದಿದವರ ಪೈಕಿ ಸುಮಾರು 58,000 ಮಂದಿ ಹಿಂದಿರುಗಿಯೇ ಇರಲಿಲ್ಲ. ಚಿತ್ರದ ಕಥೆಗೆ ಆಧಾರವಾದ ನಂಬಿಕೆಯೂ ನಿಲ್ಲಲಿಲ್ಲ. ಸೆರೆಯಾಳುಗಳ ವಿಷಯ ವಿಚಾರಣೆ ನಡೆಸಿದ ಅಮೆರಿಕದ ಸೆನೆಟ್ ಸಮಿತಿ, ಇನ್ನೂ ಯಾರಾದರೂ ಜೀವಂತವಾಗಿ ಸೆರೆಯಲ್ಲಿದ್ದಾರೆಂಬುದಕ್ಕೆ ಬಲವಾದ ಸಾಕ್ಷ್ಯವಿಲ್ಲವೆಂದು 1993ರಲ್ಲಿ ವರದಿ ಕೊಟ್ಟಿತು.

ಮೊದಲ ಭಾಗವನ್ನು ನಾವು ನೋಡಿದ್ದು ಆ ಮೇಲೆ, ಬಾಡಿಗೆಗೆ ತಂದ ವಿಡಿಯೋ ಕ್ಯಾಸೆಟ್ಟಿನಲ್ಲಿ. ಆ ರಾತ್ರಿ ಮನೆ ತುಂಬ ಜನ. ಹೊಡೆದಾಟ ಕಡಮೆಯೆಂದು ಹುಡುಗರು ಆಕಳಿಸಿದರು. ಕೊನೆಯಲ್ಲಿ ರಾಂಬೊ ನೆಲದ ಮೇಲೆ ಕುಸಿದು ಅಳುತ್ತಾ ಹೇಳುತ್ತಾನೆ: ಅಲ್ಲಿ ಲಕ್ಷಾಂತರ ಬೆಲೆಯ ಯಂತ್ರಗಳನ್ನು ನನ್ನ ವಶಕ್ಕೆ ಕೊಟ್ಟಿದ್ದರು, ಇಲ್ಲಿ ಕಾರು ನಿಲ್ಲಿಸುವ ಕೆಲಸವೂ ನನ್ನ ಕೈಯಲ್ಲಿ ನಿಲ್ಲಲಿಲ್ಲ. ಮಾವನಿಗೆ ಇಂಗ್ಲಿಷು ಅಷ್ಟಕ್ಕಷ್ಟೆ. 'ಅದೇನಂದ?' ಎಂದರು. ನಾನು ಕನ್ನಡದಲ್ಲಿ ಹೇಳಿದೆ. 'ಇನ್ನೊಂದು ಸಲ ಹಾಕು' ಎಂದರು. ಟೇಪನ್ನು ಹಿಂದಕ್ಕೆ ತಿರುಗಿಸಿ ಹಾಕಿದೆ. ಎರಡನೆಯ ಸಲ ನಾನು ತೆರೆಯನ್ನು ನೋಡಲಿಲ್ಲ, ಅವರ ಮುಖ ನೋಡಿದೆ. ಬಳಿಕ ಅವರು ಎದ್ದು, ಬೆಳಗಿನ ಪಾಳಿಯಿದೆಯೆಂದು ಹೇಳಿ ಹೊರಟರು. ನಾನು ಗೇಟಿನವರೆಗೆ ಹೋಗಿ, 'ಮಾವ, ಆ ಕೆಲಸ ಬಿಟ್ಟುಬಿಡಿ' ಎಂದೆ. 'ಬಿಟ್ಟು?' ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಇದು ದೂರದ ಅಮೆರಿಕದ ಕಥೆಯೆಂದು ತಳ್ಳಿಹಾಕುವಂತಿಲ್ಲ. 1987ರಲ್ಲಿ ನಮ್ಮ ಶಾಂತಿಪಾಲನಾ ಪಡೆ ಶ್ರೀಲಂಕಾಕ್ಕೆ ಹೋಯಿತು. ಸಾವಿರಕ್ಕೂ ಹೆಚ್ಚು ಮಂದಿ ಅಲ್ಲಿ ಮಡಿದರು. 1990ರ ಮಾರ್ಚಿನಲ್ಲಿ ಕೊನೆಯ ತಂಡ ಮದರಾಸಿನ ಬಂದರಿಗೆ ಬಂದಿಳಿದಾಗ ಅಂದಿನ ಮುಖ್ಯಮಂತ್ರಿ ಕರುಣಾನಿಧಿಯವರು ಸ್ವಾಗತಕ್ಕೆ ಹೋಗಲಿಲ್ಲ. ಅವರಿಗೆ ಅವರದೇ ಆದ ರಾಜಕೀಯ ಕಾರಣಗಳಿದ್ದವು. ಆದರೆ ಹಡಗಿನಿಂದಿಳಿದ ಸಿಪಾಯಿ ರಾಜಕೀಯ ಮಾಡಲು ಹೋದವನಲ್ಲ, ಹೋಗೆಂದಲ್ಲಿಗೆ ಹೋದವನು.

ಅದೇ 1990ರಲ್ಲಿ ಎಸ್.ವಿ. ರಾಜೇಂದ್ರಸಿಂಗ್ ಬಾಬು ಅವರ 'ಮುತ್ತಿನ ಹಾರ' ಬಂತು. ಕೊಡಗಿನ ಸೈನಿಕ ಅಚ್ಚಪ್ಪನಾಗಿ ವಿಷ್ಣುವರ್ಧನ್, ದಾದಿಯಾದ ಅವನ ಹೆಂಡತಿಯಾಗಿ ಸುಹಾಸಿನಿ. ಅಲ್ಲಿಯೂ ಯುದ್ಧವಿದೆ, ಮದ್ದುಗುಂಡಿದೆ. ಆದರೆ ಯುದ್ಧಕ್ಕೆ ಒಂದು ಮನೆ ಏನನ್ನು ತೆತ್ತಿತೆಂಬುದೇ ಕಥೆ. ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಅದಕ್ಕೆ ದೊರೆಯಿತು. ನಾನು ಅದನ್ನು ಮಾವ ಮತ್ತು ಅತ್ತೆಯ ಜೊತೆ ನೋಡಿದೆ. ಅಂದು ಟಾಕೀಸಿನಲ್ಲಿ ಕೊನೆಯವರೆಗೂ ಕುರ್ಚಿಗಳ ಸದ್ದಾಗಲಿಲ್ಲ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಹೊರಬಂದರು. ನಮ್ಮ ಜನಕ್ಕೆ ಸಿಪಾಯಿಯ ದುಃಖ ಕೇಳಲು ವ್ಯವಧಾನವಿಲ್ಲವೆಂದು ಆ ಮೇಲೆ ನಾನು ಯಾವಾಗಲೂ ಹೇಳಿಲ್ಲ. ಹೇಳುವವರು ಹೇಳುವಂತೆ ಹೇಳಿದರೆ ಕೇಳುತ್ತಾರೆ.

ಈಗ ದಂಡಿನ ಆ ಟಾಕೀಸುಗಳಲ್ಲಿ ಬಹುಪಾಲು ಇಲ್ಲ. ಪ್ಲಾಜಾ ಇದ್ದಲ್ಲಿ ಮೆಟ್ರೊ ನಿಲ್ದಾಣ ಬಂದಿದೆ, ಲಿಡೋ ಇದ್ದಲ್ಲಿ ಮಾಲು. ಬ್ರಿಗೇಡ್ ರಸ್ತೆಯ ರೆಕ್ಸ್ 2018ರ ಕೊನೆಗೆ ಬಾಗಿಲು ಹಾಕಿತು. ಮಾವನೂ ಇಲ್ಲ. ರಾಂಬೊ ಮಾತ್ರ 1988ರಲ್ಲಿ ಆಫ್ಘಾನಿಸ್ತಾನಕ್ಕೆ, 2008ರಲ್ಲಿ ಬರ್ಮಾಕ್ಕೆ ಹೋಗಿ, 2019ರವರೆಗೂ ಕಾದುತ್ತಲೇ ಇದ್ದ.

ಕಳೆದ ತಿಂಗಳು ನಮ್ಮ ಅಣ್ಣನ ಮೊಮ್ಮಗ ಮನೆಗೆ ಬಂದಿದ್ದ. ಸೈನ್ಯ ಸೇರಬೇಕೆಂದು ದಿನವೂ ಮುಂಜಾನೆ ಓಟದ ಅಭ್ಯಾಸ ಮಾಡುತ್ತಿದ್ದಾನೆ. 2022ರಲ್ಲಿ ಬಂದ ಅಗ್ನಿಪಥ ಯೋಜನೆಯ ಪ್ರಕಾರ ಸೇವೆ ನಾಲ್ಕು ವರ್ಷ; ಆ ಬಳಿಕ ನಾಲ್ವರಲ್ಲಿ ಒಬ್ಬನನ್ನು ಉಳಿಸಿಕೊಳ್ಳುವುದೆಂದು ಆಗ ಗೊತ್ತುಮಾಡಿದ್ದರು. ನಮ್ಮ ಮಾವ ನಲವತ್ತಕ್ಕೆ ಮಾಜಿಯಾದರೆ ಈ ಹುಡುಗರಲ್ಲಿ ಎಷ್ಟೋ ಮಂದಿ ಇಪ್ಪತ್ತೈದರೊಳಗೆ ಮಾಜಿಗಳಾಗುತ್ತಾರೆ. ಅವನು ಮೊಬೈಲಿನಲ್ಲಿ ರಾಂಬೊ ಚಿತ್ರದ ಮೊದಲ ಭಾಗವನ್ನು ನೋಡುತ್ತಾ ಕುಳಿತಿದ್ದ. ಕೊನೆಯ ಅಳುವಿನ ದೃಶ್ಯ ಬಂದೊಡನೆ ಬೆರಳಿನಿಂದ ಮುಂದಕ್ಕೆ ಓಡಿಸಿದ.

'ಸ್ವಲ್ಪ ತಡೀಯೋ. ಅದನ್ನು ಹಿಂದಕ್ಕೆ ಹಾಕು' ಎಂದೆ.

ಹಾಕಿದ. ಇಬ್ಬರೂ ಪೂರ್ತಿ ಕೇಳಿದೆವು. ಮುಗಿದ ಮೇಲೆ ಹುಡುಗ ಒಂದೇ ಪ್ರಶ್ನೆ ಕೇಳಿದ: 'ತಾತ, ಆಮೇಲೆ ಇವನಿಗೆ ಕೆಲಸ ಸಿಕ್ಕಿತಾ?'

'ಇಲ್ಲಪ್ಪ, ಜೈಲಿಗೆ ಹೋದ. ಎರಡನೇ ಭಾಗದಲ್ಲಿ ಮತ್ತೆ ಯುದ್ಧಕ್ಕೆ ಕರೆದರು' ಎಂದೆ. ಆ ಮೇಲೆ ಮೊಬೈಲನ್ನು ಬದಿಗಿಡಿಸಿ, ಕಾರ್ಖಾನೆಯ ಗೇಟಿನಲ್ಲಿ ಲಾರಿಗಳ ನಂಬರು ಬರೆದುಕೊಳ್ಳುತ್ತಿದ್ದ ಒಬ್ಬ ಹವಾಲ್ದಾರರ ಕಥೆಯನ್ನು ಅವನಿಗೆ ಹೇಳಿದೆ. ಕೊನೆಯವರೆಗೂ ಎದ್ದುಹೋಗದೆ ಕೇಳಿದ.